ಬಾಲ್ಯದ ಗಾಂಭೀರ್ಯ, ಬಣ್ಣದ ವಿನೋದ: ಆಂಡ್ರ್ಯೂ ಲೆವಿ ಅವರ ‘ಹಕ್ ಫಿನ್ಸ್ ಅಮೆರಿಕಾ’

ಹುಬ್ಬಳ್ಳಿ-ಧಾರವಾಡದಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಪಠ್ಯವಾಗಿ ಓದಿದವರಿಗೆ ಅಮೆರಿಕದ ಲೇಖಕ ಮಾರ್ಕ್ ಟ್ವೇನ್‌ನ ‘ಅಡ್ವೆಂಚರ್ಸ್ ಆಫ್ ಹಕಲ್‌ಬೆರಿ ಫಿನ್’ ಕಾದಂಬರಿಯ ಹುಡುಗ ಹಕ್ ಸಾಮಾನ್ಯವಾಗಿ ಎರಡು ಸಲ ಎದುರಾಗುತ್ತಾನೆ. ಮೊದಲನೆಯ ಸಲ ಶಾಲೆಯ ವಯಸ್ಸಿನಲ್ಲಿ, ಚಿತ್ರಗಳಿರುವ ಸಂಕ್ಷಿಪ್ತ ಆವೃತ್ತಿಯೊಳಗೆ, ತೆಪ್ಪ ಹತ್ತಿ ಮಿಸಿಸಿಪಿ ನದಿಯಲ್ಲಿ ತೇಲಿಹೋಗುವ ತುಂಟ ಹುಡುಗನಾಗಿ. ಎರಡನೆಯ ಸಲ ಎಂ.ಎ. ತರಗತಿಯಲ್ಲಿ, ಗುಲಾಮಗಿರಿಯನ್ನು ಖಂಡಿಸಿದ ಮಹಾಕಾದಂಬರಿಯ ನಾಯಕನಾಗಿ. ಹುಡುಗನ ಕತೆ ಹಗುರವಾದದ್ದು, ಕರಿಯರ ಕತೆ ಗಂಭೀರವಾದದ್ದು ಎಂಬ ಈ ಹಂಚಿಕೆ ನಮ್ಮ ಮನಸ್ಸಿನಲ್ಲಿ ಎಷ್ಟು ಗಟ್ಟಿಯಾಗಿ ಕೂತಿದೆಯೆಂದರೆ, ಅದನ್ನು ಯಾರು, ಯಾವಾಗ ಮಾಡಿದರು ಎಂದು ಕೇಳುವ ಅಗತ್ಯವೇ ನಮಗೆ ಕಂಡಿಲ್ಲ. ಅಮೆರಿಕದ ಇಂಡಿಯಾನಾಪೊಲಿಸ್ ನಗರದ ಬಟ್ಲರ್ ವಿಶ್ವವಿದ್ಯಾಲಯದ ಇಂಗ್ಲಿಷ್ ಪ್ರಾಧ್ಯಾಪಕ ಆಂಡ್ರ್ಯೂ ಲೆವಿ ಅವರ ‘ಹಕ್ ಫಿನ್ಸ್ ಅಮೆರಿಕಾ’ ಆ ಹಂಚಿಕೆಯನ್ನೇ ತಲೆಕೆಳಗು ಮಾಡುವ ಪುಸ್ತಕ. ಸೈಮನ್ ಅಂಡ್ ಶುಸ್ಟರ್ ಪ್ರಕಾಶನದಿಂದ 2014ರ ಕೊನೆಯಲ್ಲಿ ಬಂದ ಇದನ್ನು ಈಗ ವಿಮರ್ಶಿಸುವುದು ತಡವಾಯಿತೆಂದು ಕೆಲವರಿಗೆ ಅನ್ನಿಸಬಹುದು. ಆದರೆ ನಮ್ಮ ಕಡೆಯ ತರಗತಿಗಳಲ್ಲಿ ಟ್ವೇನ್‌ನನ್ನು ಇಂದಿಗೂ ಹಳೆಯ ಗೈಡುಗಳ ದಾರಿಯಲ್ಲೇ ಕಲಿಸುತ್ತಿರುವುದರಿಂದ, ಈ ಪುಸ್ತಕ ನಮಗೆ ಹೊಸದೇ.

ಲೆವಿ ಅವರ ವಾದ ಹೀಗಿದೆ. 1885ರ ಓದುಗರಿಗೆ ಈ ಕಾದಂಬರಿ ಮುಖ್ಯವಾಗಿ ಮಕ್ಕಳ ಬಗೆಗಿನ ಪುಸ್ತಕವಾಗಿತ್ತು, ಅದೂ ಆತಂಕ ಹುಟ್ಟಿಸುವ ಪುಸ್ತಕವಾಗಿತ್ತು. ಪತ್ರಿಕೆಗಳು ಚರ್ಚಿಸಿದ್ದು ಹಕ್‌ನ ನಡತೆ, ಅವನ ಭಾಷೆ, ಅವನನ್ನು ಓದಿದ ಹುಡುಗರು ಏನಾದಾರು ಎಂಬ ಸಂಗತಿಗಳನ್ನು; ಹಕ್‌ನೊಡನೆ ತೆಪ್ಪದಲ್ಲಿ ಓಡಿಹೋಗುವ ಜಿಮ್ ಎಂಬ ಗುಲಾಮನ ಬಿಡುಗಡೆಯ ಪ್ರಶ್ನೆಯನ್ನು ಅವು ಮುಟ್ಟಿದ್ದು ತೀರ ಕಡಿಮೆ. ಕರಿಯರ ವಿಷಯದಲ್ಲಿ ಟ್ವೇನ್‌ನನ್ನು ಜೀವಮಾನವಿಡೀ ಸೆಳೆದದ್ದು ನಾಗರಿಕ ಹಕ್ಕಿನ ಹೋರಾಟಕ್ಕಿಂತ ಹೆಚ್ಚಾಗಿ ಮಿನ್‌ಸ್ಟ್ರೆಲ್ ಆಟ, ಅಂದರೆ ಬಿಳಿಯ ನಟರು ಸುಟ್ಟ ಬಿರಡೆಯ ಮಸಿ ಬಳಿದುಕೊಂಡು ಕರಿಯರ ಮಾತು, ಹಾಡು, ಕುಣಿತವನ್ನು ಅನುಕರಿಸಿ ಜನರನ್ನು ನಗಿಸುತ್ತಿದ್ದ ಪ್ರದರ್ಶನ. ಆದ್ದರಿಂದ ಇದು ಬಾಲ್ಯದ ಬಗ್ಗೆ ನಾವು ತಿಳಿದದ್ದಕ್ಕಿಂತ ಎಷ್ಟೋ ಗಂಭೀರವಾದ ಕೃತಿ, ಜನಾಂಗದ ವಿಷಯದಲ್ಲಿ ಮಾತ್ರ ಮನರಂಜನೆ ಮತ್ತು ವ್ಯಾಪಾರದ ಕಣ್ಣಿನಿಂದ ನೋಡಿದ ಕೃತಿ ಎಂಬುದು ಲೆವಿ ಅವರ ನಿಲುವು.

ಈ ನಿಲುವನ್ನು ಅವರು ತತ್ತ್ವದ ಮಾತಿನಿಂದ ಕಟ್ಟುವುದಿಲ್ಲ, ಪ್ರವಾಸವೊಂದರ ಕತೆಯಿಂದ ಕಟ್ಟುತ್ತಾರೆ. 1884ರ ನವೆಂಬರಿನಿಂದ 1885ರ ಫೆಬ್ರುವರಿಯವರೆಗೆ ಟ್ವೇನ್ ಮತ್ತು ಲೂಯಿಸಿಯಾನದ ಕಾದಂಬರಿಕಾರ ಜಾರ್ಜ್ ವಾಷಿಂಗ್ಟನ್ ಕೇಬಲ್ ಇಬ್ಬರೂ ಒಟ್ಟಿಗೆ ಊರೂರು ತಿರುಗಿ ವೇದಿಕೆಯ ಮೇಲೆ ತಮ್ಮ ಬರಹಗಳನ್ನು ಓದಿದರು. ಕೇಬಲ್ ದಕ್ಷಿಣದವನು, ಅಂತರ್ಯುದ್ಧದಲ್ಲಿ ಗುಲಾಮಗಿರಿಯ ಪರವಾಗಿದ್ದ ದಕ್ಷಿಣದ ಸೈನ್ಯದಲ್ಲಿ ಇದ್ದವನು. ಅಂಥವನು ಬಿಡುಗಡೆಯಾದ ಗುಲಾಮರಿಗೆ ಸಮಾನ ನ್ಯಾಯ ಸಿಗಬೇಕೆಂದು ವಾದಿಸುವ ದೀರ್ಘ ಲೇಖನವೊಂದನ್ನು ‘ಸೆಂಚುರಿ’ ಮಾಸಪತ್ರಿಕೆಯ 1885ರ ಜನವರಿ ಸಂಚಿಕೆಯಲ್ಲಿ ಪ್ರಕಟಿಸಿದ. ಅದೇ ಸಂಚಿಕೆಯಲ್ಲಿ ಟ್ವೇನ್‌ನ ಹೊಸ ಕಾದಂಬರಿಯಿಂದ ಆಯ್ದ ಭಾಗವೊಂದೂ ಬಂತು. ಅದು ಜಿಮ್‌ನ ಹಣ ಹೂಡಿಕೆಯ ಪ್ರಸಂಗ ಮತ್ತು ಬೈಬಲ್ಲಿನ ಸಾಲೊಮನ್ ದೊರೆಯ ಬಗ್ಗೆ ಹಕ್ ಹಾಗೂ ಜಿಮ್ ನಡುವೆ ನಡೆಯುವ ನಗೆಯ ವಾದ. ಒಂದೇ ಸಂಚಿಕೆಯಲ್ಲಿ ಒಬ್ಬ ಗೆಳೆಯ ನ್ಯಾಯ ಕೇಳುತ್ತಿದ್ದಾನೆ, ಇನ್ನೊಬ್ಬ ನಗಿಸುತ್ತಿದ್ದಾನೆ. ಕೇಬಲ್‌ನ ಮೇಲೆ ದಕ್ಷಿಣದ ಪತ್ರಿಕೆಗಳು ಹರಿಹಾಯ್ದವು. ಅದೇ ವರ್ಷ ಅವನು ಮ್ಯಾಸಚೂಸೆಟ್ಸ್‌ನ ನಾರ್ತಾಂಪ್ಟನ್ನಿಗೆ ಹೋಗಿ ನೆಲೆಸಿದ. ಇಂದು ಟ್ವೇನ್‌ನ ಹೆಸರು ಎಲ್ಲರ ಬಾಯಲ್ಲಿದೆ, ಕೇಬಲ್‌ನನ್ನು ಸಾಹಿತ್ಯ ಚರಿತ್ರೆಯ ವಿದ್ಯಾರ್ಥಿಗಳಷ್ಟೇ ಬಲ್ಲರು. ಜನಾಂಗದ ಪ್ರಶ್ನೆಯನ್ನು ಆ ಕಾಲದಲ್ಲಿ ನೇರವಾಗಿ ಎತ್ತಿದವನು ಮರೆಯಾಗಿ, ಅದನ್ನು ಆಟದೊಳಗೆ ಬೆರೆಸಿದವನು ಉಳಿದದ್ದು ಹೇಗೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ಕಾಣಿಸಿದ ಪುಸ್ತಕವನ್ನು ನಾನು ಬೇರೆ ಓದಿಲ್ಲ. ಇಡೀ ಕೃತಿಯ ಜೀವ ಇರುವುದು ಈ ಪ್ರವಾಸದ ಪುಟಗಳಲ್ಲಿ.

ಬಾಲ್ಯದ ಕುರಿತ ವಾದವನ್ನು ನಾನು ಸಂಪೂರ್ಣವಾಗಿ ಒಪ್ಪುತ್ತೇನೆ, ಏಕೆಂದರೆ ಆ ಕಾಲದ ಸಾಕ್ಷ್ಯಗಳೆಲ್ಲ ಅದರ ಪರವಾಗಿವೆ. 1870 ಮತ್ತು 1880ರ ದಶಕಗಳಲ್ಲಿ ಅಮೆರಿಕದ ಪಟ್ಟಣಗಳು ತಮ್ಮ ಹುಡುಗರ ಬಗ್ಗೆ ಹೆದರಿದ್ದವು. ಹತ್ತು ಸೆಂಟಿಗೆ ಸಿಗುವ ಸಾಹಸ ಕತೆಗಳು 1860ರಿಂದ ಮಾರುಕಟ್ಟೆಗೆ ಬಂದಿದ್ದವು. 1874ರಲ್ಲಿ ಬಾಸ್ಟನ್ನಿನಲ್ಲಿ ಜೆಸ್ಸಿ ಪೊಮೆರಾಯ್ ಎಂಬ 14 ವರ್ಷದ ಹುಡುಗ ಮಕ್ಕಳನ್ನು ಕೊಂದಾಗ, ಅವನನ್ನು ಕೆಡಿಸಿದ್ದು ಇಂಥ ಕತೆಗಳೇ ಎಂಬ ಮಾತು ಎದ್ದಿತು. 1883ರಲ್ಲಿ ಆಂಥನಿ ಕಾಮ್‌ಸ್ಟಾಕ್ ಎಂಬ ನೀತಿಸುಧಾರಕ, ಎಳೆಯರಿಗೆ ಪುಸ್ತಕ ಮತ್ತು ಪತ್ರಿಕೆಗಳು ಒಡ್ಡಿರುವ ಬಲೆಗಳ ಕುರಿತೇ ಒಂದು ಗ್ರಂಥ ಬರೆದ. ಅದೇ ವರ್ಷ ಮನಃಶಾಸ್ತ್ರಜ್ಞ ಜಿ. ಸ್ಟಾನ್ಲಿ ಹಾಲ್ ಶಾಲೆಗೆ ಹೊಸದಾಗಿ ಬರುವ ಮಕ್ಕಳ ಮನಸ್ಸಿನಲ್ಲಿ ಏನೇನಿರುತ್ತದೆ ಎಂಬುದರ ಮೇಲೆ ತನ್ನ ಪ್ರಸಿದ್ಧ ಅಧ್ಯಯನವನ್ನು ಪ್ರಕಟಿಸಿದ. ಈ ಹಿನ್ನೆಲೆಯನ್ನು ತಿಳಿದು ಕಾದಂಬರಿಯನ್ನು ಮತ್ತೆ ತೆರೆದರೆ, ನಾವು ಆಟವೆಂದು ದಾಟಿಹೋಗಿದ್ದ ಪುಟಗಳು ಬೇರೆಯಾಗಿ ಕಾಣುತ್ತವೆ. ಎರಡನೆಯ ಅಧ್ಯಾಯದಲ್ಲಿಯೇ ಹಕ್‌ನ ಗೆಳೆಯ ಟಾಮ್ ಸಾಯರ್‌ನ ಗುಂಪಿನ ಹುಡುಗರು, ಗುಟ್ಟು ಬಿಟ್ಟುಕೊಟ್ಟವನ ಮನೆಯವರನ್ನು ಕೊಲ್ಲುವುದಾಗಿ ರಕ್ತದಲ್ಲಿ ಸಹಿ ಮಾಡುತ್ತಾರೆ. ಐದನೆಯ ಅಧ್ಯಾಯದಲ್ಲಿ ಕುಡುಕ ತಂದೆಯಿಂದ ಹಕ್‌ನನ್ನು ಬಿಡಿಸಿ ತಮ್ಮ ವಶಕ್ಕೆ ಪಡೆಯಲು ಊರಿನ ಹಿರಿಯರು ನ್ಯಾಯಾಲಯಕ್ಕೆ ಹೋದರೆ, ಹೊಸದಾಗಿ ಬಂದ ನ್ಯಾಯಾಧೀಶ ತಂದೆ-ಮಕ್ಕಳನ್ನು ಅಗಲಿಸುವುದು ಸರಿಯಲ್ಲವೆಂದು ತೀರ್ಪು ಕೊಡುತ್ತಾನೆ. ಆ ತಂದೆ ಮಗನಿಗೆ ಓದು ಬಂದದ್ದನ್ನು ಕಂಡು ಸಿಟ್ಟಾಗುತ್ತಾನೆ, ಕಾಡಿನ ಗುಡಿಸಲಿನಲ್ಲಿ ಕೂಡಿಹಾಕಿ ಹೊಡೆಯುತ್ತಾನೆ, ಒಂದು ರಾತ್ರಿ ಚಾಕು ಹಿಡಿದು ಅಟ್ಟಿಸಿಕೊಂಡು ಬರುತ್ತಾನೆ. ಮಕ್ಕಳ ಮೇಲಿನ ಕ್ರೌರ್ಯವನ್ನು ತಡೆಯುವ ಮೊದಲ ಸಂಘಗಳು ನ್ಯೂಯಾರ್ಕಿನಂಥ ನಗರಗಳಲ್ಲಿ ಹುಟ್ಟಿದ್ದು ಟ್ವೇನ್ ಈ ಕಾದಂಬರಿಯನ್ನು ಬರೆಯತೊಡಗಿದ 1876ರ ಆಸುಪಾಸಿನಲ್ಲೇ ಎಂಬುದನ್ನು ನೆನೆದರೆ, ಈ ಅಧ್ಯಾಯಗಳನ್ನು ಹಾಸ್ಯವೆಂದು ಓದಲಾಗದು.

ಹದಿನೆಂಟನೆಯ ಅಧ್ಯಾಯದಲ್ಲಿ ಎರಡು ಕುಲೀನ ಮನೆತನಗಳ ಹಗೆತನದಲ್ಲಿ ಹಕ್‌ನ ವಯಸ್ಸಿನ ಬಕ್ ಎಂಬ ಹುಡುಗ ಗುಂಡಿಗೆ ಬಲಿಯಾಗುತ್ತಾನೆ. ಹಕ್ ಅವನ ಶವವನ್ನು ನೀರಿನಿಂದ ಎಳೆದು, ಮುಖ ಮುಚ್ಚಿ, ಅಳುತ್ತಾನೆ. ನಮ್ಮ ಮಕ್ಕಳ ಕೈಗೆ ಸಿಗುವ ಎಷ್ಟೋ ಸಂಕ್ಷಿಪ್ತ ಆವೃತ್ತಿಗಳಲ್ಲಿ ಈ ಭಾಗ ಒಂದೆರಡು ವಾಕ್ಯಗಳಿಗೆ ಕುಗ್ಗಿಹೋಗಿರುತ್ತದೆ. 1885ರ ಮಾರ್ಚಿನಲ್ಲಿ ಮ್ಯಾಸಚೂಸೆಟ್ಸ್‌ನ ಕಾನ್‌ಕರ್ಡ್ ಗ್ರಂಥಾಲಯ ಸಮಿತಿ ಈ ಪುಸ್ತಕವನ್ನು ಕಪಾಟಿನಿಂದ ತೆಗೆದುಹಾಕಿದ್ದು ಜನಾಂಗದ ಕಾರಣಕ್ಕಲ್ಲ, ಅದು ಒರಟು ಮತ್ತು ಅಸಭ್ಯ ಎಂಬ ಕಾರಣಕ್ಕೆ. ಇದರಿಂದ ಇನ್ನೂ 25,000 ಪ್ರತಿ ಮಾರಾಟವಾಗುವುದು ಖಚಿತ ಎಂದು ಟ್ವೇನ್ ಸಂತೋಷಪಟ್ಟ. ಆ ಸಮಿತಿಯನ್ನು ಸಂಕುಚಿತರ ಕೂಟವೆಂದು ಪಠ್ಯಪುಸ್ತಕಗಳು ತಳ್ಳಿಹಾಕುತ್ತವೆ. ಆ ಜನ ಕನಿಷ್ಠ ಒಂದು ಸಂಗತಿಯನ್ನು ಸರಿಯಾಗಿ ಗುರುತಿಸಿದ್ದರು, ಇದು ಮಕ್ಕಳ ಬದುಕಿನೊಳಗಿನ ಹಿಂಸೆಯನ್ನು ಕುರಿತ ಪುಸ್ತಕವೆಂದು, ಎಂಬ ಭಾವನೆ ಲೆವಿ ಅವರನ್ನು ಓದಿದ ಮೇಲೆ ನನ್ನಲ್ಲಿ ಬೆಳೆದಿದೆ.

ಮಿನ್‌ಸ್ಟ್ರೆಲ್ ಆಟದ ಕುರಿತ ಭಾಗ ಉತ್ತರ ಕರ್ನಾಟಕದ ಓದುಗರಿಗೆ ವಿಶೇಷವಾಗಿ ಹತ್ತಿರವಾಗಬಲ್ಲದು. ಗದಗ, ಹುಬ್ಬಳ್ಳಿ, ಹಾವೇರಿಯ ಜಾತ್ರೆಗಳಲ್ಲಿ ಕ್ಯಾಂಪು ಹಾಕುವ ವೃತ್ತಿ ನಾಟಕ ಕಂಪನಿಗಳ ಹಾಸ್ಯ ಪ್ರಸಂಗಗಳಲ್ಲಿ ಮನೆಗೆಲಸದವನೊಬ್ಬ ತನ್ನ ಓಣಿಯ ಮಾತಿನಲ್ಲಿ ತಪ್ಪುತಪ್ಪಾಗಿ ವಾದ ಮಾಡಿ ಯಜಮಾನನನ್ನು ಸೋಲಿಸುವ ದೃಶ್ಯ ಬಂದಾಗ, ಪ್ರೇಕ್ಷಕರು ನಗುವುದು ಅವನನ್ನು ನೋಡಿಯೋ ಅವನ ಜೊತೆಗೂಡಿಯೋ ಎಂದು ಹೇಳುವುದು ಕಷ್ಟ. ಜಿಮ್‌ನ ಸ್ಥಿತಿಯೂ ಹಾಗೆಯೇ. ಟ್ವೇನ್ ಬಾಲ್ಯದಲ್ಲಿ ಮಿಸೌರಿಯ ಹ್ಯಾನಿಬಲ್ ಊರಿನಲ್ಲಿ ಇಂಥ ಆಟಗಳನ್ನು ಕಂಡು ಮನಸೋತಿದ್ದ. ಮುಪ್ಪಿನಲ್ಲಿ ತನ್ನ ಆತ್ಮಕತೆಗಾಗಿ ಹೇಳಿ ಬರೆಸಿದ ಪುಟಗಳಲ್ಲಿಯೂ ಆ ಆಟಗಳು ಮರೆಯಾದದ್ದಕ್ಕೆ ಮರುಗಿದ್ದಾನೆ. ಟ್ವೇನ್ ಜಿಮ್‌ನನ್ನು ಮಿನ್‌ಸ್ಟ್ರೆಲ್ ಪರಂಪರೆಯ ಅಚ್ಚಿನಲ್ಲಿ ಎರಕ ಹೊಯ್ದನೆಂದೂ, ಆ ಮುಖವಾಡದ ಹಿಂದಿನಿಂದಲೇ ಜಿಮ್‌ನ ಘನತೆ ಮೂಡಿಬರುತ್ತದೆಂದೂ ಕರಿಯ ಲೇಖಕ ರಾಲ್ಫ್ ಎಲಿಸನ್ 1958ರಲ್ಲಿಯೇ ಬರೆದಿದ್ದರು. ಲೆವಿ ಅವರು ಆ ಒಳನೋಟಕ್ಕೆ ಪತ್ರಿಕೆ, ಪತ್ರ, ಪ್ರವಾಸದ ವಿವರಗಳ ಆಧಾರವನ್ನು ಒದಗಿಸಿದ್ದಾರೆ. ಅವರು ಟ್ವೇನ್‌ನನ್ನು ಜನಾಂಗದ್ವೇಷಿಯೆಂದು ಕರೆದು ಕೈತೊಳೆದುಕೊಳ್ಳುವುದಿಲ್ಲ, ಸಂತನನ್ನಾಗಿಯೂ ಮಾಡುವುದಿಲ್ಲ. ಕರಿಯರ ಮಾತು ಮತ್ತು ಸಂಗೀತದ ಮೇಲೆ ಅವನಿಗಿದ್ದ ನಿಜವಾದ ಪ್ರೀತಿಯೂ, ಅದನ್ನು ಸರಕಾಗಿಸಿ ಮಾರುವ ಅವನ ವ್ಯಾಪಾರದ ಜಾಣ್ಮೆಯೂ ಒಂದೇ ಮನಸ್ಸಿನಲ್ಲಿ ಹೇಗೆ ನೆಲೆಸಿದ್ದವೆಂದು ತೋರಿಸುತ್ತಾರೆ.

ಕಾದಂಬರಿಯ ಕೊನೆಯ ಭಾಗದ ಬಗ್ಗೆ ನಮ್ಮ ವಿದ್ಯಾರ್ಥಿಗಳಿಗೆ ಯಾವಾಗಲೂ ತೊಡಕು. ಮೂವತ್ತೊಂದನೆಯ ಅಧ್ಯಾಯದಲ್ಲಿ ಜಿಮ್‌ನನ್ನು ಹಿಡಿದುಕೊಡುವ ಬದಲು ತಾನು ನರಕಕ್ಕೇ ಹೋಗುತ್ತೇನೆಂದು ನಿಶ್ಚಯಿಸಿದ ಹಕ್, ಮುಂದಿನ ಅಧ್ಯಾಯಗಳಲ್ಲಿ ಟಾಮ್‌ನ ಕೈಗೊಂಬೆಯಾಗುತ್ತಾನೆ. ಗುಡಿಸಲಿನಲ್ಲಿ ಬಂಧಿಯಾಗಿರುವ ಜಿಮ್‌ನನ್ನು ಬಿಡಿಸುವ ನೆಪದಲ್ಲಿ ಆ ಹುಡುಗರು ಇಲಿ, ಜೇಡ, ಹಾವುಗಳನ್ನು ಒಳಗೆ ಬಿಡುತ್ತಾರೆ, ಸಾಣೆಕಲ್ಲನ್ನು ಉರುಳಿಸಿ ತರಿಸುತ್ತಾರೆ. ಒಡತಿ ತನ್ನ ಉಯಿಲಿನಲ್ಲಿ ಜಿಮ್‌ನನ್ನು ಎರಡು ತಿಂಗಳ ಹಿಂದೆಯೇ ಬಿಡುಗಡೆ ಮಾಡಿದ್ದಳೆಂದೂ, ಟಾಮ್‌ಗೆ ಅದು ಮೊದಲಿನಿಂದ ಗೊತ್ತಿತ್ತೆಂದೂ ಕೊನೆಗೆ ತಿಳಿಯುತ್ತದೆ. ಅಮೆರಿಕದ ಕಾದಂಬರಿಕಾರ ಹೆಮಿಂಗ್ವೇ 1935ರಲ್ಲಿ ಆಧುನಿಕ ಅಮೆರಿಕನ್ ಸಾಹಿತ್ಯವೆಲ್ಲ ಈ ಒಂದು ಪುಸ್ತಕದಿಂದ ಬಂದಿದೆ ಎಂದು ಹೊಗಳುತ್ತಲೇ, ಈ ಕೊನೆಯ ಭಾಗ ಬರೀ ಮೋಸ, ಅಲ್ಲಿಗೆ ಓದು ನಿಲ್ಲಿಸಿಬಿಡಿ ಎಂದಿದ್ದ. ಆದರೆ ಟ್ವೇನ್ ಪ್ರವಾಸದಲ್ಲಿ ಈ ಭಾಗವನ್ನೇ ಜನರಿಗೆ ಓದಿ ತೋರಿಸಿ ಭಾರಿ ನಗು ಗಳಿಸಿದ. ಅವನಿಗೆ ಅದು ಕೃತಿಯ ದೋಷವಾಗಿರಲಿಲ್ಲ, ತುರುಪಿನ ಎಲೆಯಾಗಿತ್ತು. ಇದಕ್ಕೆ ಇನ್ನೊಂದು ಹಿನ್ನೆಲೆಯನ್ನೂ ಸೇರಿಸಿಕೊಳ್ಳಬೇಕು. 1875ರ ನಾಗರಿಕ ಹಕ್ಕುಗಳ ಕಾಯ್ದೆಯ ಮುಖ್ಯ ಭಾಗಗಳನ್ನು ಅಮೆರಿಕದ ಸುಪ್ರೀಂ ಕೋರ್ಟು 1883ರಲ್ಲಿ, ಟ್ವೇನ್ ಹಸ್ತಪ್ರತಿಯನ್ನು ಮುಗಿಸಿದ ವರ್ಷವೇ, ಅಸಿಂಧುಗೊಳಿಸಿತು. ದಕ್ಷಿಣದ ರಾಜ್ಯಗಳಲ್ಲಿ ಕರಿಯರನ್ನು ಸಣ್ಣಪುಟ್ಟ ಆರೋಪಗಳ ಮೇಲೆ ಬಂಧಿಸಿ ಗಣಿ, ತೋಟ, ರೈಲುಮಾರ್ಗದ ಕೆಲಸಕ್ಕೆ ಬಾಡಿಗೆಗೆ ಕೊಡುವ ಪದ್ಧತಿ ಬೆಳೆದಿತ್ತು. ಕಾನೂನಿನ ಪ್ರಕಾರ ಈಗಾಗಲೇ ಸ್ವತಂತ್ರನಾದವನನ್ನು ಮತ್ತೆ ಕೂಡಿಹಾಕಿ, ಅವನ ಬಿಡುಗಡೆಯನ್ನು ಆಟವಾಗಿಸುವ ಕತೆ ಆ ವರ್ಷಗಳ ಅಮೆರಿಕಕ್ಕೆ ಎಷ್ಟು ನಿಖರವಾಗಿ ಹೊಂದುತ್ತದೆಂಬುದನ್ನು ಅರಿತ ಮೇಲೆ ಹೆಮಿಂಗ್ವೇಯ ಸಲಹೆಯನ್ನು ಪಾಲಿಸಲು ಮನಸ್ಸು ಬರುವುದಿಲ್ಲ.

ಇಷ್ಟು ಮೆಚ್ಚಿದ ಮೇಲೂ ನನಗೆ ಈ ಪುಸ್ತಕದ ಚೌಕಟ್ಟಿನ ಬಗ್ಗೆ ಒಂದು ದೊಡ್ಡ ತಕರಾರಿದೆ. ಬಾಲ್ಯ ಒಂದು ಎಳೆ, ಜನಾಂಗ ಇನ್ನೊಂದು ಎಳೆ ಎಂಬಂತೆ ವಾದವನ್ನು ನಡೆಸುವುದರಿಂದ, ಬಾಲ್ಯ ಎಂದಾಗ ಬಿಳಿಯ ಹುಡುಗರೂ ಜನಾಂಗ ಎಂದಾಗ ಕರಿಯ ವಯಸ್ಕರೂ ನಮ್ಮ ಕಣ್ಣ ಮುಂದೆ ಬರುತ್ತಾರೆ. ಕರಿಯ ಮಗು ಎಲ್ಲಿ ಎಂಬ ಪ್ರಶ್ನೆಗೆ ಸಿಗಬೇಕಾದಷ್ಟು ಜಾಗ ಸಿಗುವುದಿಲ್ಲ. ಕಾದಂಬರಿಯೊಳಗೆ ಮಾತ್ರ ಆ ಮಗು ಇದೆ. ಇಪ್ಪತ್ಮೂರನೆಯ ಅಧ್ಯಾಯದಲ್ಲಿ, ಬೆಳಗಿನ ಜಾವ, ಜಿಮ್ ತನ್ನ ಮಗಳು ಎಲಿಜಬೆತ್‌ಳನ್ನು ನೆನೆದು ಕೊರಗುತ್ತಾನೆ. ನಾಲ್ಕು ವರ್ಷದ ಅವಳು ಜ್ವರದಿಂದ ಗುಣವಾಗಿ ಎದ್ದ ಮೇಲೆ, ಬಾಗಿಲು ಮುಚ್ಚು ಎಂದು ಹೇಳಿದರೂ ಮುಗುಳ್ನಗುತ್ತ ನಿಂತಿದ್ದಳೆಂದು ಅವನು ಹೊಡೆದಿದ್ದ. ಆಮೇಲೆ ಗಾಳಿಗೆ ಬಾಗಿಲು ಬಡಿದಾಗಲೂ ಅವಳು ಬೆಚ್ಚದಿದ್ದುದನ್ನು ಕಂಡು, ಜ್ವರ ಅವಳ ಕಿವಿಯನ್ನೂ ಮಾತನ್ನೂ ಕಸಿದುಕೊಂಡಿದೆಯೆಂದು ಅವನಿಗೆ ತಿಳಿಯುತ್ತದೆ. ಹದಿನಾರನೆಯ ಅಧ್ಯಾಯದಲ್ಲಿ ಅದೇ ಜಿಮ್, ದುಡಿದು ಹೆಂಡತಿಯನ್ನು ಕೊಂಡುಕೊಳ್ಳುತ್ತೇನೆ, ಆಮೇಲೆ ಇಬ್ಬರೂ ದುಡಿದು ಮಕ್ಕಳನ್ನು ಕೊಂಡುಕೊಳ್ಳುತ್ತೇವೆ, ಒಡೆಯ ಮಾರದಿದ್ದರೆ ಕದ್ದು ತರಿಸುತ್ತೇವೆ ಎಂದಾಗ, ಹಕ್‌ಗೆ ಅದು ಆ ಒಡೆಯನಿಗೆ ಬಗೆಯುವ ಅನ್ಯಾಯವಾಗಿ ಕಾಣುತ್ತದೆ. ತಂದೆಯ ಹೊಡೆತದಿಂದ ಓಡಿಬಂದ ಮಗು, ತನ್ನ ಮಕ್ಕಳನ್ನು ಪಡೆಯಲು ಓಡಿಬಂದ ತಂದೆಯನ್ನು ಕಳ್ಳನೆಂದು ಭಾವಿಸುವ ಈ ಪುಟದಲ್ಲಿ ಬಾಲ್ಯ ಮತ್ತು ಜನಾಂಗ ಎರಡು ಎಳೆಗಳಾಗಿ ಉಳಿಯುವುದಿಲ್ಲ. ‘ಸೆಂಚುರಿ’ ಪತ್ರಿಕೆಯ ಓದುಗರು ನಕ್ಕ ಸಾಲೊಮನ್ ದೊರೆಯ ವಾದವನ್ನೂ ಇದರ ಪಕ್ಕದಲ್ಲಿಟ್ಟು ನೋಡಬೇಕು. ಇಬ್ಬರು ಹೆಂಗಸರು ತನ್ನದು ತನ್ನದೆಂದು ಜಗಳವಾಡಿದ ಒಂದು ಮಗುವನ್ನು ಎರಡು ತುಂಡು ಮಾಡಲು ಹೊರಟ ದೊರೆಗೆ ಮಕ್ಕಳ ಬೆಲೆಯೇ ಗೊತ್ತಿಲ್ಲ, ಒಂದೋ ಎರಡೋ ಮಕ್ಕಳಿದ್ದವನಿಗೆ ಮಾತ್ರ ಆ ಬೆಲೆ ಗೊತ್ತು ಎಂದು ಜಿಮ್ ಹಟ ಹಿಡಿಯುತ್ತಾನೆ. ಆ ಮಾತನ್ನು ಹೇಳುತ್ತಿರುವವನಿಗೆ ಇರುವುದು ಇಬ್ಬರೇ ಮಕ್ಕಳು, ಅವರಿಬ್ಬರೂ ಬೇರೊಬ್ಬನ ಸ್ವತ್ತು.

ಈ ಕೊರತೆಯನ್ನು ತುಂಬಿಕೊಳ್ಳಲು ರಾಬಿನ್ ಬರ್ನ್‌ಸ್ಟೀನ್ ಅವರ ‘ರೇಶಿಯಲ್ ಇನೊಸೆನ್ಸ್’ ಕೃತಿಯನ್ನು ಜೊತೆಯಲ್ಲಿ ಓದಬೇಕೆಂದು ನನ್ನ ಸಲಹೆ. ನ್ಯೂಯಾರ್ಕ್ ಯೂನಿವರ್ಸಿಟಿ ಪ್ರೆಸ್ 2011ರಲ್ಲಿ ಪ್ರಕಟಿಸಿದ ಈ ಗ್ರಂಥ ಹತ್ತೊಂಬತ್ತನೆಯ ಶತಮಾನದಲ್ಲಿ ಮುಗ್ಧತೆ ಎಂಬ ಗುಣವನ್ನೇ ಬಿಳಿಯ ಮಕ್ಕಳಿಗೆ ಮೀಸಲಿಟ್ಟ ಬಗೆಯನ್ನು ಕಾದಂಬರಿ, ಗೊಂಬೆ, ಜಾಹೀರಾತು, ರಂಗಪ್ರದರ್ಶನಗಳ ಮೂಲಕ ಬಿಡಿಸಿ ತೋರಿಸುತ್ತದೆ. 1852ರ ‘ಅಂಕಲ್ ಟಾಮ್ಸ್ ಕ್ಯಾಬಿನ್’ ಕಾದಂಬರಿಯ ಬಂಗಾರದ ಕೂದಲಿನ ಈವಾ ದೇವತೆಯಂಥ ಮಗುವಾದರೆ, ಕರಿಯ ಬಾಲಕಿ ಟಾಪ್ಸಿ ಎಷ್ಟು ಹೊಡೆದರೂ ನೋಯದ ಜೀವದಂತೆ ರಂಗದ ಮೇಲೆ ನಗೆಯ ವಸ್ತುವಾದಳು. ಮುಂದೆ ಮಕ್ಕಳ ಲೇಖಕಿಯಾಗಿ ಹೆಸರಾದ ಫ್ರಾನ್ಸಿಸ್ ಹಾಡ್ಜ್‌ಸನ್ ಬರ್ನೆಟ್ ಚಿಕ್ಕವಳಿದ್ದಾಗ ಆ ಕಾದಂಬರಿಯನ್ನು ಓದಿ, ತನ್ನ ಕಪ್ಪು ಗೊಂಬೆಯನ್ನು ಕಟ್ಟಿಹಾಕಿ ಚಾವಟಿಯಿಂದ ಬಾರಿಸುವ ಆಟವಾಡಿದ್ದನ್ನು ತಾನೇ ಬರೆದುಕೊಂಡಿದ್ದಾಳೆ. ಗುಲಾಮಗಿರಿಯ ವಿರುದ್ಧ ಬರೆದ ಪುಸ್ತಕವೇ ಮಗುವಿನ ಕೈಯಲ್ಲಿ ಹೀಗೆ ಆಟವಾದ ಸಂಗತಿಯನ್ನು ಬರ್ನ್‌ಸ್ಟೀನ್ ಅವರು ವಿಶ್ಲೇಷಿಸುವ ರೀತಿ ಅಸಾಧಾರಣವಾದದ್ದು. ಈ ಗ್ರಂಥದ ಭಾಷೆ ಲೆವಿ ಅವರದಕ್ಕಿಂತ ಕಠಿಣ, ತಾಳ್ಮೆ ಬೇಡುತ್ತದೆ.

ದೂರದ ಅಮೆರಿಕದ ಈ ಚರ್ಚೆ ಧಾರವಾಡದ ಓದುಗನಿಗೆ ಏಕೆ ಬೇಕು ಎಂದು ಕೇಳುವವರಿದ್ದಾರೆ. ಇಲ್ಲಿಂದ ಹಳಿಯಾಳ, ಕಲಘಟಗಿ, ಯಲ್ಲಾಪುರದ ಕಡೆಗೆ ಹೋದರೆ, ಪೋರ್ಚುಗೀಸರ ಕಾಲದಲ್ಲಿ ಗೋವೆಗೆ ಗುಲಾಮರಾಗಿ ಬಂದ ಆಫ್ರಿಕದವರ ಸಂತತಿಯಾದ ಸಿದ್ದಿ ಜನರ ಊರುಗಳು ಸಿಗುತ್ತವೆ. ಅವರ ಮಕ್ಕಳು ನಮ್ಮ ಮಕ್ಕಳ ಜೊತೆಗೆ ಕನ್ನಡ ಶಾಲೆಗಳಲ್ಲಿ ಕೂಡುತ್ತಾರೆ. ಒಂದೇ ಬಗೆಯ ತಂಟೆಯನ್ನು ಇಬ್ಬರು ಮಕ್ಕಳು ಮಾಡಿದರೆ ಒಬ್ಬನದನ್ನು ವಯಸ್ಸಿನ ಗುಣವೆಂದೂ ಇನ್ನೊಬ್ಬನದನ್ನು ಹುಟ್ಟಿನ ಗುಣವೆಂದೂ ಕಾಣುವ ಹಿರಿಯರು ಎಲ್ಲ ಊರುಗಳಲ್ಲಿಯೂ ಇದ್ದಾರೆ. ಜಾತಿಯ ವಿಷಯದಲ್ಲಿ ಕನ್ನಡ ಸಾಹಿತ್ಯ ಈ ಪ್ರಶ್ನೆಯನ್ನು ಟ್ವೇನ್‌ಗಿಂತ ಹೆಚ್ಚು ನೇರವಾಗಿ ಎದುರಿಸಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಸಿದ್ಧಲಿಂಗಯ್ಯ ಅವರ ‘ಊರು ಕೇರಿ’ಯಲ್ಲಿ ತಂದೆಯ ಹೆಗಲಿಗೆ ನೊಗ ಕಟ್ಟಿ ಹೊಲ ಉಳುವುದನ್ನು ಮಗ ನಿಂತು ನೋಡುತ್ತಾನೆ. ಆ ಪುಸ್ತಕದಲ್ಲಿಯೂ ನಗು ಧಾರಾಳವಾಗಿದೆ. ಆ ನಗುವಿನ ಒಡೆತನ ಮಾತ್ರ ನೊಂದ ಮಗನದೇ. ಟ್ವೇನ್‌ನ ಜಿಮ್‌ಗೆ ಇಲ್ಲದಿದ್ದುದು ಈ ಒಡೆತನ. 2024ರಲ್ಲಿ ಪ್ರಕಟವಾಗಿ ಮರುವರ್ಷ ಪುಲಿಟ್ಜರ್ ಪ್ರಶಸ್ತಿ ಪಡೆದ ಪರ್ಸಿವಲ್ ಎವರೆಟ್ ಅವರ ‘ಜೇಮ್ಸ್’ ಕಾದಂಬರಿ ಅದೇ ಕತೆಯನ್ನು ಜಿಮ್‌ನ ಬಾಯಿಂದ ಹೇಳಿಸಿ ಆ ಒಡೆತನವನ್ನು ಅವನಿಗೆ ಕೊಡುತ್ತದೆ. ಅಲ್ಲಿ ಅವನು ಬಿಳಿಯರ ಎದುರಿಗೆ ಹೇಗೆ ತಪ್ಪುತಪ್ಪಾಗಿ ಮಾತಾಡಬೇಕೆಂದು ತನ್ನ ಮಗಳಿಗೂ ಉಳಿದ ಮಕ್ಕಳಿಗೂ ಪಾಠ ಹೇಳುತ್ತಾನೆ.

ಲೆವಿ ಅವರ ಬರವಣಿಗೆಯ ಬಗ್ಗೆ ಎರಡು ಮಾತು. ಇದು ವಿದ್ವತ್ತಿನ ಕೃತಿಯಾದರೂ ಪರಿಭಾಷೆಯ ಭಾರವಿಲ್ಲದೆ, ಕತೆಯ ಓಟದಲ್ಲಿ ಸಾಗುತ್ತದೆ. ಪತ್ರಿಕೆಗಳ, ಊರುಗಳ, ವ್ಯಕ್ತಿಗಳ ಹೆಸರುಗಳು ಒತ್ತೊತ್ತಾಗಿ ಬರುವ ಕೆಲವು ಪುಟಗಳಲ್ಲಿ ಮುಖ್ಯ ವಾದದ ಜಾಡು ತಪ್ಪುತ್ತದೆ, ಮತ್ತು ಒಮ್ಮೆ ಹೇಳಿದ್ದನ್ನು ಬೇರೆ ಉದಾಹರಣೆಯೊಡನೆ ಮತ್ತೆ ಹೇಳುವ ಅಭ್ಯಾಸ ಲೇಖಕರಿಗಿದೆ. ಮೂಲ ಕಾದಂಬರಿಯನ್ನು ಪೂರ್ಣ ರೂಪದಲ್ಲಿ ಓದದವರಿಗೆ ಇದು ಪ್ರಯೋಜನವಾಗದು. ಟಿಪ್ಪಣಿಗಳ ಭಾಗ ವಿಸ್ತಾರವಾಗಿದ್ದು, ಸಂಶೋಧನೆ ಮಾಡುವವರಿಗೆ ಅದೊಂದೇ ಕೊಂಡ ಹಣಕ್ಕೆ ಸಾಲುತ್ತದೆ.

ಅವಳಿ ನಗರದ ಅಂಗಡಿಗಳ ಕಪಾಟಿನಲ್ಲಿ ಈ ಪುಸ್ತಕ ನನಗೆ ಕಾಣಲಿಲ್ಲ. ಹೇಳಿ ತರಿಸಬೇಕು, ಇಲ್ಲವೇ ಇ-ಪುಸ್ತಕವನ್ನು ಕೊಳ್ಳಬೇಕು. ಕಾಲೇಜು ಗ್ರಂಥಾಲಯಗಳಿಗೆ ಪುಸ್ತಕ ಆರಿಸುವ ಅಧ್ಯಾಪಕರು ಇದನ್ನೂ ಬರ್ನ್‌ಸ್ಟೀನ್ ಅವರ ಗ್ರಂಥವನ್ನೂ ಒಟ್ಟಿಗೆ ಪಟ್ಟಿಗೆ ಸೇರಿಸಬೇಕೆಂದು ನನ್ನ ಒತ್ತಾಯ. ತರಗತಿಯಲ್ಲಿ ಸಮಯ ಕಡಿಮೆ ಇದ್ದರೆ, ಲೆವಿ ಅವರ ಪ್ರವಾಸದ ಅಧ್ಯಾಯಗಳನ್ನು ಕಾದಂಬರಿಯ ಐದು, ಹದಿನಾರು, ಹದಿನೆಂಟು, ಇಪ್ಪತ್ಮೂರನೆಯ ಅಧ್ಯಾಯಗಳ ಜೊತೆಗೆ ಓದಿಸಬಹುದು; ಮೂವತ್ತೊಂದರಿಂದ ಕೊನೆಯವರೆಗಿನ ಭಾಗವನ್ನು ಮಾತ್ರ ಸಾರಾಂಶದಲ್ಲಿ ಮುಗಿಸದೆ, ಪೂರ್ತಿಯಾಗಿ, ಸಾಧ್ಯವಾದರೆ ಗಟ್ಟಿಯಾಗಿ ಓದಿಸಬೇಕು.